ಬ್ರೇಕ್ ಪ್ಯಾಡ್ ಅಳೆದು ನೋಡಿ, ಸೌಂಡ್ ಬರಲಿ ಎಂದು ಕಾಯಬೇಡಿ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಖಾಸಗಿ ಕಾರಿಗೆ ವರ್ಷಾವರ್ಷ ಸುರಕ್ಷತಾ ತಪಾಸಣೆ ಇಲ್ಲ. ಕರ್ನಾಟಕದಲ್ಲೂ ಇಲ್ಲ. ಹೊಸ ಕಾರಿನ ನೋಂದಣಿ 15 ವರ್ಷ ನಡೆಯುತ್ತದೆ, ಅಲ್ಲಿಯವರೆಗೆ ಕಡ್ಡಾಯ ಪರೀಕ್ಷೆ ಎಂದರೆ ಎಮಿಷನ್ ಟೆಸ್ಟ್. ಅದು ಹೊಗೆ ನೋಡುತ್ತದೆ, ಬ್ರೇಕ್ ನೋಡುವುದಿಲ್ಲ. ಎರಡೂ ಕಡೆ ಬ್ರೇಕಿನ ಹೊಣೆ ಮಾಲೀಕನದೇ, ಹೊರುವ ರೀತಿ ಮಾತ್ರ ಬೇರೆ. ಇಲ್ಲಿ, ಮಿಷಿಗನ್‌ನ ಡೆಟ್ರಾಯಿಟ್ ಆಸುಪಾಸಿನಲ್ಲಿ, ಗ್ಯಾರೇಜಿನ ಕೂಲಿ ಗಂಟೆಗೆ 100 ಡಾಲರ್ ದಾಟುತ್ತದೆ, ಹಾಗಾಗಿ ರಜೆಯ ದಿನ ಮನೆ ಮುಂದೆಯೇ ಚಕ್ರ ಬಿಚ್ಚಿ ಕೂರುವವರು ಬೇಕಾದಷ್ಟು ಜನ. ನಮ್ಮೂರಲ್ಲಿ ಕೂಲಿ ಕಡಿಮೆ, ಮೆಕ್ಯಾನಿಕ್ ಹತ್ತಿರದಲ್ಲೇ ಇರುತ್ತಾನೆ, ಕೀ ಕೊಟ್ಟು ಬರುತ್ತೇವೆ. ಅದರಲ್ಲಿ ತಪ್ಪೇನಿಲ್ಲ. ನನ್ನ ತಕರಾರು ಇಷ್ಟೇ: ಪ್ಯಾಡ್ ಎಷ್ಟು ಮಿಲಿಮೀಟರ್ ಉಳಿದಿದೆ ಎಂದು ಕಾರು ಕೊಟ್ಟವರೂ ಕೇಳುವುದಿಲ್ಲ, ಕೆಲಸ ಮಾಡಿದವರೂ ಹೇಳುವುದಿಲ್ಲ. ‘ಸೌಂಡ್ ಬಂದ್ರೆ ತನ್ನಿ ಸಾರ್’ ಎನ್ನುವಲ್ಲಿಗೆ ಮಾತು ಮುಗಿಯುತ್ತದೆ.

ಸೌಂಡ್ ಬರುವ ಹೊತ್ತಿಗೆ ತಡವಾಗಿರುತ್ತದೆ. ಹೊಸ ಪ್ಯಾಡಿನ ಉಜ್ಜುವ ಭಾಗ, ಹಿಂದಿನ ಕಬ್ಬಿಣದ ತಗಡು ಬಿಟ್ಟು, ಸಾಮಾನ್ಯವಾಗಿ 10ರಿಂದ 12 ಮಿ.ಮೀ. ಇರುತ್ತದೆ. 3 ಮಿ.ಮೀ.ಗೆ ಇಳಿದರೆ ಬದಲಿಸಬೇಕು. ಕಿರ್ರೆನ್ನುವ ಎಚ್ಚರಿಕೆಯ ಲೋಹದ ಪಟ್ಟಿ ಚಕ್ರದ ಜೊತೆ ತಿರುಗುವ ಡಿಸ್ಕಿಗೆ ತಾಗುವುದು 2–3 ಮಿ.ಮೀ. ಉಳಿದಾಗ, ಎಷ್ಟೋ ಅಗ್ಗದ ಪ್ಯಾಡ್‌ಗಳಲ್ಲಿ ಆ ಪಟ್ಟಿಯೇ ಇರುವುದಿಲ್ಲ. ಅಲಾಯ್ ಚಕ್ರದ ಸಂದಿಯಿಂದ ಇಣುಕಿ ‘ಪ್ಯಾಡ್ ಚೆನ್ನಾಗಿದೆ’ ಎನ್ನುವುದೂ ನಂಬುವ ಮಾತಲ್ಲ. ಅಲ್ಲಿಂದ ಕಾಣುವುದು ಹೊರಗಿನ ಪ್ಯಾಡ್. ಹೆಚ್ಚಿನ ಕಾರುಗಳಲ್ಲಿ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರುತ್ತದೆ. ಪಿನ್ ಹಿಡಿದುಕೊಂಡರೆ ಒಳಗಿನ ಪ್ಯಾಡ್ ಒಂದೇ ಎಲ್ಲ ಕೆಲಸ ಮಾಡಿ ಬೇಗ ಸವೆಯುತ್ತದೆ. ಹೊರಗಿನದು 7 ಮಿ.ಮೀ. ಇರುವಾಗಲೇ ಒಳಗಿನದು ತಗಡಿಗೆ ಬಂದಿರಬಹುದು.

ಆದ್ದರಿಂದ ಚಕ್ರ ತೆಗೆಯಲೇಬೇಕು. ಸಮತಟ್ಟಾದ ಗಟ್ಟಿ ನೆಲ, ಎದುರು ಬದಿಯ ಚಕ್ರಕ್ಕೆ ಅಡ್ಡ ಕಟ್ಟೆ, ಜಾಕಿ ಏರಿಸುವ ಮೊದಲೇ ನಟ್ ಅರ್ಧ ಸುತ್ತು ಸಡಿಲ, ಆಮೇಲೆ ಜಾಕ್ ಸ್ಟ್ಯಾಂಡ್. ಬರೀ ಜಾಕಿ ನಂಬಿ ಕೈ ಹಾಕಬೇಡಿ. ಕ್ಯಾಲಿಪರಿನ ಕೆಳಗಿನ ಬೋಲ್ಟ್ ತೆಗೆದು ಮೇಲಕ್ಕೆ ಮಡಚಿದರೆ ಪ್ಯಾಡ್ ಕೈಗೆ ಬರುತ್ತದೆ. ಕ್ಯಾಲಿಪರನ್ನು ಪೂರ್ತಿ ಬಿಚ್ಚಿದರೆ ತಂತಿಯಲ್ಲಿ ಕಟ್ಟಿಡಿ, ಹೋಸಿನಲ್ಲಿ ಜೋತಾಡಲು ಬಿಡಬೇಡಿ. ಡಿಸ್ಕಿನ ಕನಿಷ್ಠ ದಪ್ಪ ಎಷ್ಟೆಂದು ಸಾಮಾನ್ಯವಾಗಿ ಅದರ ಮೇಲೇ ಅಚ್ಚಾಗಿರುತ್ತದೆ. ಅಂಚಿನಲ್ಲಿ ಸವೆಯದೆ ಉಳಿದ ದಂಡೆ ಬಿಟ್ಟು ಒಳಗೆ ಅಳೆಯಿರಿ.

ಇಲ್ಲಿನವರು, ನಮ್ಮವರು ಇಬ್ಬರೂ ಎಡವುವುದು ಇದರ ಮುಂದಿನ ಹಂತದಲ್ಲಿ. ಇಲ್ಲಿನವರು ಹಳೆ ಪ್ಯಾಡ್ ಎಸೆದು ಹೊಸದು ತುರುಕಿ ಎದ್ದುಬಿಡುತ್ತಾರೆ. ನಮ್ಮಲ್ಲಿ ಪ್ಯಾಡಿಗೆ ಎಮರಿ ಪೇಪರ್ ಉಜ್ಜಿ, ಗಾಳಿ ಹೊಡೆದು ‘ಬ್ರೇಕ್ ಕ್ಲೀನಿಂಗ್’ ಎಂದು ಬಿಲ್ ಬರೆಯುತ್ತಾರೆ. ಗಾಳಿ ಹೊಡೆದರೆ ಆ ಧೂಳು ನೇರ ಶ್ವಾಸಕೋಶಕ್ಕೆ. ಬ್ರೇಕ್ ಕ್ಲೀನರ್ ಸಿಂಪಡಿಸಿ ತೊಳೆಯಬೇಕು. ಪ್ಯಾಡ್ ಏಕೆ ಓರೆಯಾಗಿ ಸವೆಯಿತು ಎಂದು ಇಬ್ಬರೂ ಕೇಳಿಕೊಳ್ಳುವುದಿಲ್ಲ. ಪಿನ್ ಎರಡನ್ನೂ ಎಳೆದು ನೋಡಿ: ಬೆರಳಿನಲ್ಲಿ ಸಲೀಸಾಗಿ ಜಾರಬೇಕು. ಒಂದು ಪಿನ್ನಿಗೆ ರಬ್ಬರ್ ಬುಷ್ ಇದ್ದರೆ ಅದರ ಜಾಗ ಅದಲುಬದಲಾಗಬಾರದು. ಒರೆಸಿ, ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ಚಕ್ರದ ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ರಬ್ಬರನ್ನು ಉಬ್ಬಿಸುತ್ತದೆ, ಕೆಲವೇ ತಿಂಗಳಲ್ಲಿ ಪಿನ್ ಮತ್ತೆ ಹಿಡಿಯುತ್ತದೆ.

ಹೊಸ ದಪ್ಪ ಪ್ಯಾಡ್ ಕೂರಲು, ಪ್ಯಾಡನ್ನು ಒತ್ತುವ ಕ್ಯಾಲಿಪರಿನ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಬೇಕು. ಅದು ಒಳಗೆ ಹೋಗುತ್ತಿಲ್ಲವೇ? ತಿರುಪು ಬಿಗಿಸಿ ಒತ್ತುವ ಸಿ-ಕ್ಲಾಂಪ್ ಬಿಗಿ ಮಾಡುತ್ತಲೇ, ಆಯಿಲ್ ಹೊರಬಿಡುವ ಬ್ಲೀಡ್ ಸ್ಕ್ರೂ ಸ್ವಲ್ಪ ತೆರೆಯಿರಿ. ಆಗ ಸಲೀಸಾಗಿ ಹೋದರೆ ಪಿಸ್ಟನ್ ಸರಿಯಿದೆ. ಒಳಗೆ ಕುಗ್ಗಿದ ಹೋಸ್ ಆಯಿಲನ್ನು ಹಿಂದಕ್ಕೆ ಬಿಡುತ್ತಿಲ್ಲ ಎಂದು ಹೆಚ್ಚುಕಡಿಮೆ ಖಚಿತ. ಆಗಲೂ ಹೋಗದಿದ್ದರೆ ಪಿಸ್ಟನ್ನಿಗೇ ತುಕ್ಕು. ಎರಡು ನಿಮಿಷದ ಈ ಪರೀಕ್ಷೆ ಮಾಡದೆ ಕ್ಯಾಲಿಪರ್ ಬದಲಿಸಿ, ಕಾರು ಮತ್ತೆ ಒಂದು ಕಡೆಗೆ ಎಳೆಯುವುದನ್ನು ನೋಡಿ ತಲೆ ಕೆರೆದುಕೊಳ್ಳುವವರು ಬಹಳ. ಹಿಂದಿನ ಡಿಸ್ಕುಗಳಲ್ಲಿ ಕೆಲವು ಪಿಸ್ಟನ್ ತಿರುಗಿಸಿಯೇ ಒಳಗೆ ಹೋಗಬೇಕು. ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ ಮೊದಲು ಸರ್ವಿಸ್ ಮೋಡ್‌ಗೆ ಹಾಕಬೇಕು, ಹಾಗೇ ಒತ್ತಿದರೆ ಮೋಟರ್ ಹಾಳು.

ಪೆಡಲ್ಲೂ ರೋಗ ಹೇಳುತ್ತದೆ. ಸ್ಪಂಜಿನಂತಿದ್ದರೆ ಲೈನಿನಲ್ಲಿ ಗಾಳಿ. ಒತ್ತಿ ಹಿಡಿದಾಗ ಮೆಲ್ಲಗೆ ಕೆಳಗಿಳಿಯುತ್ತಿದ್ದು, ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ ಪೆಡಲಿನ ಒತ್ತಡವನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರಿನ ಸೀಲ್ ಹೋಗಿದೆ. ಕಲ್ಲಿನಂತಿದ್ದರೆ ಪೆಡಲ್ ಒತ್ತಲು ನೆರವಾಗುವ ಬೂಸ್ಟರ್ ನೋಡಿ: ಎಂಜಿನ್ ಆರಿಸಿ ಐದಾರು ಸಲ ಒತ್ತಿ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ, ಪೆಡಲ್ ತುಸು ಕೆಳಗಿಳಿಯಬೇಕು.

ಬ್ರೇಕ್ ಆಯಿಲ್ ವಿಷಯದಲ್ಲಿ ನಮ್ಮ ಗ್ಯಾರೇಜುಗಳ ಒಂದು ಅಭ್ಯಾಸ ನಿಲ್ಲಲೇಬೇಕು, ಟಾಪ್-ಅಪ್. ಪ್ಯಾಡ್ ಸವೆದಷ್ಟೂ ಪಿಸ್ಟನ್ ಹೊರಬರುತ್ತದೆ, ಡಬ್ಬಿಯಲ್ಲಿ ಮಟ್ಟ ಇಳಿಯುತ್ತದೆ. ಅದು ಪ್ಯಾಡ್ ನೋಡಿ ಎನ್ನುವ ಸೂಚನೆ, ಇಲ್ಲವೇ ಸೋರಿಕೆ. ತುಂಬಿಸಿಟ್ಟರೆ ಸೂಚನೆಯೇ ಅಳಿಸಿಹೋಗುತ್ತದೆ. ಮುಂದೆ ಪಿಸ್ಟನ್ ಒತ್ತಿದಾಗ ಆಯಿಲ್ ಉಕ್ಕಿ ಬಣ್ಣ ಕಿತ್ತುಬರುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯಬೇಕು, ಶೇ. 3.7ರಷ್ಟು ನೀರು ಹೀರಿದ ಮೇಲೆ ಆ ಮಿತಿ 155 ಡಿಗ್ರಿ. ಕರಾವಳಿಯ ಮಳೆಗಾಲ ಕಂಡ ಹಳೆ ಆಯಿಲ್ ಹಾಕಿಕೊಂಡು ಚಾರ್ಮಾಡಿ ಘಾಟಿಯನ್ನು ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಅದು ಕುದಿದು ಆವಿಯಾಗಿ ಪೆಡಲ್ ನೆಲ ಮುಟ್ಟುವ ಅಪಾಯವಿದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ, ಇಳಿಜಾರಿನಲ್ಲಿ ಎರಡನೇ ಗೇರ್ ಬಿಡಬೇಡಿ. ಮಿಷಿಗನ್‌ನ ಶತ್ರು ಬೇರೆ: ಚಳಿಗಾಲದಲ್ಲಿ ರಸ್ತೆಗೆ ಚೆಲ್ಲುವ ಉಪ್ಪು. ಅದು ಉಕ್ಕಿನ ಬ್ರೇಕ್ ಪೈಪುಗಳನ್ನು ತಿನ್ನುತ್ತದೆ. ತೂತಾದ ತುಂಡನ್ನಷ್ಟೇ ಕತ್ತರಿಸಿ ಕಂಪ್ರೆಶನ್ ಜಾಯಿಂಟ್ ಹಾಕುವುದು ಇಲ್ಲಿನವರ ಕೆಟ್ಟ ಚಾಳಿ. ಪೂರ್ತಿ ಪೈಪ್ ಬದಲಿಸಬೇಕು.

ಕೆಲಸ ಮುಗಿದ ಮೇಲೆ, ಕಾರು ಒಂದಡಿ ಅಲುಗುವ ಮುಂಚೆ, ಗಟ್ಟಿಯಾಗುವವರೆಗೆ ಪೆಡಲ್ ಒತ್ತಿ. ಪಿಸ್ಟನ್ ಹಿಂದೆ ಸರಿದಿರುವುದರಿಂದ ಮೊದಲ ಒತ್ತಿಗೆ ಬ್ರೇಕ್ ಸಿಗುವುದಿಲ್ಲ. ಇದನ್ನು ಮರೆತವರು ಗೇಟಿಗೆ ಗುದ್ದುತ್ತಾರೆ. ಆಮೇಲೆ, ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು, ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 10ಕ್ಕೆ ಎಂಟು–ಹತ್ತು ಸಲ ಹದವಾಗಿ ಇಳಿಸಿ, ನಡುವೆ ತಣಿಯಲು ಬಿಡಿ, ಪೂರ್ತಿ ನಿಲ್ಲಿಸಬೇಡಿ.

ನಮ್ಮೂರಿನ ಮೆಕ್ಯಾನಿಕ್‌ನಿಂದ ಅಮೆರಿಕದವರು ಕಲಿಯಬೇಕಾದ್ದೂ ಇದೆ. ಇಲ್ಲಿ ಕ್ಯಾಲಿಪರ್ ಸೋರಿದರೆ ಇಡೀ ಜೋಡಣೆಯೇ ಬದಲಾಗುತ್ತದೆ. ನಮ್ಮವರು ಪಿಸ್ಟನ್ ಹೊರತೆಗೆದು, ಗೀರು ಬಿದ್ದಿಲ್ಲವೆಂದು ಖಾತ್ರಿ ಮಾಡಿಕೊಂಡು, ಸೀಲ್ ಕಿಟ್ ಹಾಕಿ ಕಡಿಮೆ ಖರ್ಚಿನಲ್ಲಿ ಎಬ್ಬಿಸುತ್ತಾರೆ. ಆ ಕೈಚಳಕಕ್ಕೆ ನನ್ನ ಗೌರವವಿದೆ. ಅದರ ಜೊತೆ ದಪ್ಪ ಅಳೆಯುವ ಒಂದು ವರ್ನಿಯರ್ ಸೇರಿದರೆ ಸಾಕು. ಬಿಲ್ಲಿನಲ್ಲಿ ನಾಲ್ಕು ಚಕ್ರದ ಒಳ–ಹೊರ ಪ್ಯಾಡಿನ ದಪ್ಪ ಬರೆದುಕೊಡಿ ಎಂದು ಕೇಳಿ; ಹಿಂದೆ ಡಿಸ್ಕಿನ ಬದಲು ಡ್ರಮ್ ಬ್ರೇಕ್ ಇದ್ದರೆ ಲೈನಿಂಗಿನ ದಪ್ಪ, ವೀಲ್ ಸಿಲಿಂಡರಿನ ರಬ್ಬರ್ ಎತ್ತಿ ನೋಡಿದಾಗ ಆಯಿಲ್ ಸೋರಿ ಒದ್ದೆಯಿತ್ತೇ ಎಂಬುದು.

ಸ್ವತಃ ಮಾಡುವವರಿಗೆ ಇಲ್ಲಿ ಇನ್ನೊಂದು ಅನುಕೂಲವಿದೆ. ಆಟೋಝೋನ್‌ನಂಥ ಬಿಡಿಭಾಗದ ಅಂಗಡಿಗಳು ಪಿಸ್ಟನ್ ತಿರುಗಿಸುವ ಸಾಧನ, ಬೋಲ್ಟಿನ ಬಿಗಿತ ಅಳೆಯುವ ಟಾರ್ಕ್ ರೆಂಚ್ ಮೊದಲಾದವನ್ನು ಠೇವಣಿ ಇಟ್ಟುಕೊಂಡು ಎರವಲು ಕೊಡುತ್ತವೆ, ಮರಳಿಸಿದರೆ ಹಣ ವಾಪಸ್. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳು ಇಂಥದ್ದನ್ನು ಶುರು ಮಾಡಲಿ. ಪ್ಯಾಡ್ ಕೊಳ್ಳಲು ಬಂದವರ ಕೈಗೆ ಸಾಧನವನ್ನೂ ಕೊಟ್ಟು ಕಳಿಸಿದರೆ, ಸಿಲಿಕೋನ್ ಗ್ರೀಸ್, ಬ್ರೇಕ್ ಕ್ಲೀನರ್, ಅರ್ಧ ಲೀಟರ್ ಡಾಟ್ 4 ಕೂಡ ಅದೇ ಅಂಗಡಿಯಲ್ಲಿ ಮಾರಾಟವಾಗುತ್ತದೆ.