ಅಜ್ಜಿಯ ಬುತ್ತಿ, ಮೊಮ್ಮಗಳ ಚೆಂಡು

ಮಗಳ ಗೆಳತಿ ನಮ್ಮ ಜೊತೆ ಪಿಕ್‌ನಿಕ್‌ಗೆ ಬರುವ ದಿನ ಬೆಳಿಗ್ಗೆ ಒಂದು ಪುಟ್ಟ ನೀಲಿ ಡಬ್ಬಿ ಹಿಡಿದುಕೊಂಡು ಬಂದಳು. ಒಳಗೆ ಚೀಸ್ ಸ್ಯಾಂಡ್‌ವಿಚ್, ಒಂದು ಸೇಬು, ನೀರಿನ ಬಾಟಲಿ. ಅಡುಗೆಮನೆಯಲ್ಲಿ ಪುಳಿಯೋಗರೆ ಕಲಸುತ್ತಿದ್ದ ನಮ್ಮಮ್ಮ ಕೈ ನಿಲ್ಲಿಸಿ ಅದನ್ನು ನೋಡಿದರು. ನನ್ನನ್ನು ಪಕ್ಕಕ್ಕೆ ಕರೆದು, “ಏನೋ ಇದು, ನಮ್ಮ ಜೊತೆ ಬರೋ ಮಗೂಗೆ ನಾವು ಊಟ ಹಾಕಲ್ವಾ?” ಎಂದರು. ಅವರಿಗೆ ನಿಜಕ್ಕೂ ಬೇಜಾರಾಗಿತ್ತು.

ನಾನು ಇಂಗ್ಲೆಂಡಿನ ಶೆಫೀಲ್ಡ್‌ಗೆ ಬಂದು ಹನ್ನೊಂದು ವರ್ಷವಾಯಿತು. ಇಲ್ಲಿ ಹೀಗೇ. ಮಗುವನ್ನು ಕಳಿಸುವವರು ಊಟವನ್ನೂ ಕಟ್ಟಿ ಕಳಿಸುತ್ತಾರೆ. ಜಿಪುಣತನ ಅಲ್ಲ, ಬೇರೆಯವರಿಗೆ ಹೊರೆಯಾಗಬಾರದು ಎನ್ನುವ ಸಂಕೋಚ. ಕೆಲವು ಮಕ್ಕಳಿಗೆ ಕಡಲೆಕಾಯಿ ತಿಂದರೆ ಆಗಿಬರುವುದಿಲ್ಲ, ಆ ಭಯವೂ ಇರುತ್ತದೆ. ಅಮ್ಮನಿಗೆ ಅಷ್ಟನ್ನೂ ಬಿಡಿಸಿ ಹೇಳಿದೆ. ಅವರು ಕೇಳಿಸಿಕೊಂಡರು, ಪುಳಿಯೋಗರೆಗೆ ಹಾಕಲು ಹುರಿದಿಟ್ಟಿದ್ದ ಕಡಲೆಕಾಯಿಯನ್ನು ಬೇರೆ ಡಬ್ಬಿಗೆ ಹಾಕಿದರು. ಆಮೇಲೆ ಎಂದಿನಂತೆ ಎಂಟು ಜನಕ್ಕಾಗುವಷ್ಟು ಕಟ್ಟಿದರು. ಹೊರಟಿದ್ದವರು ಐದು ಜನ.

2025ರ ಬೇಸಿಗೆ ಅದು. ಇಡೀ ಬ್ರಿಟನ್ನಿನಲ್ಲಿ ದಾಖಲೆಯಾದ ಬೇಸಿಗೆಗಳಲ್ಲೇ ಅತಿ ಬೆಚ್ಚನೆಯದು. ಜುಲೈ ಕೊನೆಗೆ ಶಾಲೆಗಳು ಮುಚ್ಚಿದರೆ ಆರು ವಾರ ರಜೆ. ಮೈಸೂರಿನಿಂದ ಅಮ್ಮ ಬಂದಿದ್ದರು. ಹೀಗಾಗಿ ಆ ಆರು ವಾರ ಮನೆಯಲ್ಲಿ ಕೂತ ದಿನಗಳಿಗಿಂತ ಹೊರಗೆ ತಿರುಗಿದ ದಿನಗಳೇ ಜಾಸ್ತಿ.

ಅವತ್ತು ನಾವು ಹೋದದ್ದು ಮಾನ್ಸಲ್ ಟ್ರೇಲ್‌ಗೆ. ಶೆಫೀಲ್ಡ್ ಪಕ್ಕದ ಪೀಕ್ ಡಿಸ್ಟ್ರಿಕ್ಟ್‌ನಲ್ಲಿದೆ. ಒಂದು ಕಾಲದಲ್ಲಿ ಅಲ್ಲಿ ರೈಲು ಓಡುತ್ತಿತ್ತು. 1968ರಲ್ಲಿ ನಿಂತಿತು. ಹಳಿ ಕಿತ್ತ ದಾರಿಯನ್ನು ನಡೆಯುವವರಿಗೆ, ಸೈಕಲ್ಲಿನವರಿಗೆ ಬಿಟ್ಟಿದ್ದಾರೆ. ಸುರಂಗಗಳನ್ನು 2011ರಲ್ಲಿ ತೆರೆದು ದೀಪ ಹಾಕಿದರು. ಎಂಟೂವರೆ ಮೈಲಿ, ಎಲ್ಲೂ ಕಡಿದಾದ ಏರಿಲ್ಲ. ರೈಲು ಕಡಿದಾದ ಏರು ಹತ್ತುವುದಿಲ್ಲವಲ್ಲ, ಅದಕ್ಕೇ ಅಮ್ಮನ ಮಂಡಿಗೂ ಆ ದಾರಿ ಒಗ್ಗಿತು. ಸುರಂಗದೊಳಗೆ ಹೊಕ್ಕಾಗ ಹೊರಗಿನ ಬಿಸಿಲೆಲ್ಲ ಮರೆತುಹೋಗುವಷ್ಟು ತಂಪು. ಅಮ್ಮ ಶಾಲು ಹೊದ್ದುಕೊಂಡು, ಗೋಡೆಯಿಂದ ತೊಟ್ಟಿಕ್ಕುವ ನೀರನ್ನು ಬೆರಳಿನಿಂದ ಮುಟ್ಟಿ ನೋಡುತ್ತಾ ನಡೆದರು. ಗಾಲಿಕುರ್ಚಿಯಲ್ಲಿ ಒಬ್ಬ ಅಜ್ಜ ನಮ್ಮನ್ನು ದಾಟಿ ಹೋದರು. ತಳ್ಳುವವರು ಯಾರೂ ಇರಲಿಲ್ಲ, ತಾವೇ ಚಕ್ರ ತಿರುಗಿಸಿಕೊಂಡು ಹೋಗುತ್ತಿದ್ದರು. ಅವರು ಕಣ್ಮರೆಯಾಗುವ ತನಕ ಅಮ್ಮ ನೋಡುತ್ತಾ ನಿಂತರು. ನಮ್ಮ ದೊಡ್ಡಪ್ಪ ಕೊನೆಯ ಆರು ವರ್ಷ ಕೃಷ್ಣಮೂರ್ತಿಪುರಂ ಮನೆಯ ಜಗಲಿ ಬಿಟ್ಟು ಇಳಿಯಲಿಲ್ಲ. ಇಳಿದರೆ ಹೋಗಲು ದಾರಿಯೇ ಇರಲಿಲ್ಲ.

ಇಲ್ಲಿನ ಈ ದಾರಿಗಳು ಸುಮ್ನೆ ಸಿಕ್ಕಿದ್ದಲ್ಲ. ಇದೇ ಪೀಕ್ ಡಿಸ್ಟ್ರಿಕ್ಟ್‌ನ ಕಿಂಡರ್ ಸ್ಕೌಟ್ ಬೆಟ್ಟವನ್ನು ಒಂದು ಕಾಲದಲ್ಲಿ ಜಮೀನ್ದಾರರು ಹಕ್ಕಿ ಬೇಟೆಗೆಂದು ಮುಚ್ಚಿಟ್ಟುಕೊಂಡಿದ್ದರು. 1932ರ ಏಪ್ರಿಲ್ 24ರಂದು ನೂರಾರು ಜನ, ಹೆಚ್ಚಿನವರು ಮ್ಯಾಂಚೆಸ್ಟರ್ ಕಡೆಯ ಕೆಲಸಗಾರ ಹುಡುಗರು, ಬೇಕೆಂದೇ ಆ ಬೆಟ್ಟ ಹತ್ತಿದರು. ಶೆಫೀಲ್ಡ್ ಕಡೆಯಿಂದಲೂ ಒಂದು ಗುಂಪು ಹೋಗಿತ್ತು. ಐದು ಜನ ಜೈಲಿಗೆ ಹೋದರು. 1951ರಲ್ಲಿ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಸಾಗುವಳಿ ಇಲ್ಲದ ಬೆಟ್ಟ ಬಯಲುಗಳಲ್ಲಿ ಯಾರು ಬೇಕಾದರೂ ನಡೆಯಬಹುದು ಎಂಬ ಕಾನೂನು ಬಂದದ್ದು 2000ದಲ್ಲಿ. ವಾರವಿಡೀ ಗಿರಣಿಯಲ್ಲಿ ದುಡಿದವರು ಭಾನುವಾರ ಒಂದು ದಿನ ಗಾಳಿ ಕುಡಿಯಲು ಹಕ್ಕು ಕೇಳಿದರು, ಅದರ ಫಲವನ್ನು ಮೈಸೂರಿನ ಅಜ್ಜಿಯೂ ಉಣ್ಣುತ್ತಿದ್ದಾಳೆ.

ನಮ್ಮ ಬಾಲ್ಯದ ಟ್ರಿಪ್ಪು ಬೇರೆ ರೀತಿ. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದರೆ ಚಿಕ್ಕಮ್ಮನ ಮಕ್ಕಳು, ಸೋದರಮಾವನ ಮಕ್ಕಳು ಎಲ್ಲ ನಮ್ಮ ಮನೆಯಲ್ಲೇ. ಒಂದು ಮೆಟಡೋರ್ ಗೊತ್ತು ಮಾಡಿ ಬೆಳಗಿನ ಜಾವವೇ ಸೋಮನಾಥಪುರ, ತಲಕಾಡು, ಅಲ್ಲಿಂದ ಗಗನಚುಕ್ಕಿ. ಹದಿನಾಲ್ಕು ಜನಕ್ಕೆ ಆಗುವ ಗಾಡಿಯಲ್ಲಿ ಇಪ್ಪತ್ತೊಂದು ಜನ. ಪಕ್ಕದ ಮನೆಯ ಅಜ್ಜಿ ಗೇಟಿನ ಹತ್ತಿರ ನಿಂತಿದ್ದರೆ “ಬನ್ನಿ, ಹತ್ಕೊಳ್ಳಿ” ಎಂದು ಅವರನ್ನೂ ಕರೆದುಕೊಂಡು ಹೋಗುತ್ತಿದ್ದೆವು. ಯಾರಿಗೂ ಲೆಕ್ಕವಿರಲಿಲ್ಲ, ಊಟಕ್ಕಂತೂ ಯಾವತ್ತೂ ಕಡಿಮೆ ಬೀಳಲಿಲ್ಲ. ಅಮ್ಮ ಮೊಸರನ್ನ ಕಲಸುವಾಗ ಹಾಲು ಜಾಸ್ತಿ ಹಾಕಿ ಮೊಸರು ಒಂದೇ ಒಂದು ಸೌಟು ಹಾಕುತ್ತಿದ್ದರು. ತಲಕಾಡಿನ ಮರಳು ಕಾಯುವ ಹೊತ್ತಿಗೆ ಅದು ಡಬ್ಬಿಯೊಳಗೇ ಹದವಾಗಿ ಹೆಪ್ಪುಗಟ್ಟಿರುತ್ತಿತ್ತು, ಹುಳಿ ಇರುತ್ತಿರಲಿಲ್ಲ. ಆ ರುಚಿ ನನಗೆ ಬೇರೆ ಯಾವ ಮೊಸರನ್ನದಲ್ಲೂ ಸಿಕ್ಕಿಲ್ಲ.

ಹೊರನಾಡಿನಲ್ಲಿ ಕೂತು ನೆನೆಸಿಕೊಂಡಾಗ ಇದೆಲ್ಲ ತುಂಬಾ ಚೆಂದ. ಆದರೆ ಆ ಬೇಸಿಗೆಯಲ್ಲಿ ನನಗೆ ಬೇರೊಂದು ಕಂಡಿತು. ನಾವು ಗಂಡುಹುಡುಗರು, ಅಪ್ಪ, ಮಾವಂದಿರು ಹೊಳೆಗೆ ಹಾರುತ್ತಿದ್ದೆವು. ಮರಳಿನ ಮೇಲೆ ಚೆಂಡು ಆಡುತ್ತಿದ್ದೆವು. ಆಗ ಅಮ್ಮ ಎಲ್ಲಿದ್ದರು? ಜಮಖಾನ ಹಾಸಿ, ಎಲೆ ಒರೆಸಿ, ನಮ್ಮ ಟವೆಲ್ ಹಿಡಿದುಕೊಂಡು ದಡದಲ್ಲಿ ಕೂತಿದ್ದರು. ಹತ್ತು ದಾಟಿದ ಅಕ್ಕಂದಿರು ಅವರ ಪಕ್ಕ. ನಾಲ್ಕು ಗಂಟೆಗೆ ಎದ್ದು ಅಡುಗೆ ಮಾಡಿದವರು ಅವರೇ, ರಾತ್ರಿ ಬಂದು ಪಾತ್ರೆ ತೊಳೆದವರೂ ಅವರೇ. ಎಲ್ಲರನ್ನೂ ಕರೆದುಕೊಂಡು ಹೋದೆವು, ನಿಜ. ಆಡಲು ಮಾತ್ರ ಎಲ್ಲರನ್ನೂ ಕರೆಯಲಿಲ್ಲ.

ಇದು ಕಂಡದ್ದು ಜುಲೈ 27ರ ಭಾನುವಾರ. ಮಹಿಳೆಯರ ಯೂರೋ ಕಪ್ ಫುಟ್‌ಬಾಲ್ ಫೈನಲ್, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಇಂಗ್ಲೆಂಡಿಗೂ ಸ್ಪೇನಿಗೂ. ನಮ್ಮ ಮನೆಯಲ್ಲಿ ಮಗಳ ತಂಡದ ಆರು ಹುಡುಗಿಯರು ನೆಲದ ಮೇಲೆ, ಅಮ್ಮ ಸೋಫಾದ ಮೇಲೆ. ಸ್ಪೇನ್ ಮೊದಲು ಗೋಲು ಹೊಡೆಯಿತು. ವಿರಾಮದ ನಂತರ ಇಂಗ್ಲೆಂಡಿನ ಅಲೆಸ್ಸಿಯಾ ರುಸ್ಸೋ ತಲೆಯಿಂದ ಹೊಡೆದು ಸಮ ಮಾಡಿದಳು. ಪೆನಾಲ್ಟಿಗೆ ಹೋಯಿತು. ಗೋಲ್‌ಕೀಪರ್ ಹನ್ನಾ ಹ್ಯಾಂಪ್ಟನ್ ಎರಡು ತಡೆದಳು. ಕೊನೆಗೆ ಕ್ಲೋಯಿ ಕೆಲ್ಲಿ ಬಂದಳು, ಕಾಲೆತ್ತಿ ಒಂದು ಸಣ್ಣ ಕುಪ್ಪಳಿಕೆ ಕುಪ್ಪಳಿಸಿ ಓಡಿ ಹೊಡೆದಳು. 3–1. ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ಕೂಗಿದರು. ಅಮ್ಮ ಮಾತ್ರ ಆ ಕುಪ್ಪಳಿಕೆಗೇ ಅಂಟಿಕೊಂಡಿದ್ದರು. “ಕುಂಟೆಬಿಲ್ಲೆ ಆಡಿದ ಹಾಗೆ ಇದೆ ಕಣೋ,” ಎಂದರು.

“ನೀವು ಕುಂಟೆಬಿಲ್ಲೆ ಚೆನ್ನಾಗಿ ಆಡ್ತಿದ್ರಾ ಅಜ್ಜಿ?” ಮಗಳು ಕೇಳಿದಳು.

“ಬೀದಿಗೇ ನಾನು ಮುಂದು. ದೊಡ್ಡವಳಾದ ಮೇಲೆ ನಮ್ಮಪ್ಪ ಬಿಡಿಸಿಬಿಟ್ಟರು.”

ಇಷ್ಟು ವರ್ಷ ಜೊತೆಗಿದ್ದರೂ ಅಮ್ಮ ಬೀದಿಗೇ ಮುಂದಿದ್ದ ಆಟಗಾರ್ತಿ ಎನ್ನುವುದು ನನಗೆ ಗೊತ್ತಿರಲಿಲ್ಲ. ನಾನು ಕೇಳಿರಲೇ ಇಲ್ಲ.

ಇಂಗ್ಲೆಂಡೂ ಬಿಡಿಸಿತ್ತು. 1920ರ ಕ್ರಿಸ್‌ಮಸ್ ಮರುದಿನ ಲಿವರ್‌ಪೂಲಿನ ಗುಡಿಸನ್ ಪಾರ್ಕ್‌ನಲ್ಲಿ ಕಾರ್ಖಾನೆಯ ಹುಡುಗಿಯರ ತಂಡವೊಂದರ ಆಟ ನೋಡಲು 53 ಸಾವಿರ ಜನ ಸೇರಿದ್ದರು. ಮರುವರ್ಷ ಡಿಸೆಂಬರ್‌ನಲ್ಲಿ ಫುಟ್‌ಬಾಲ್ ಸಂಸ್ಥೆ, ಈ ಆಟ ಹೆಂಗಸರಿಗೆ ತಕ್ಕದ್ದಲ್ಲ ಎಂದು ತನ್ನ ಮೈದಾನಗಳನ್ನು ಅವರಿಗೆ ಮುಚ್ಚಿತು. ಸುಮಾರು ಐವತ್ತು ವರ್ಷ ಮುಚ್ಚಿಯೇ ಇಟ್ಟಿತು. ಅಂಥ ದೇಶದಲ್ಲಿ, 2022ರಲ್ಲಿ ನಮ್ಮ ಶೆಫೀಲ್ಡಿನದೇ ಬ್ರಾಮಲ್ ಲೇನ್ ಮೈದಾನದಲ್ಲಿ ಇಂಗ್ಲೆಂಡಿನ ಹುಡುಗಿಯರು ಸ್ವೀಡನ್ನನ್ನು 4–0ಯಿಂದ ಸೋಲಿಸಿದರು. ಮಾರನೇ ವಾರವೇ ನನ್ನ ಮಗಳು ಬೂಟು ಕೇಳಿದಳು. ಈಗ ಭಾನುವಾರ ಬಂದರೆ ನಮ್ಮ ಬೀದಿ ಕೊನೆಯ ಪಾರ್ಕಿನಲ್ಲಿ ಹುಡುಗಿಯರೇ ಮೂರು ತಂಡ.

ನಮ್ಮಲ್ಲಿ ಯಾವ ಸಂಸ್ಥೆಯೂ ಕಾಗದದಲ್ಲಿ ಬರೆದು ನಿಷೇಧ ಮಾಡಲಿಲ್ಲ. ಮನೆಮನೆಯಲ್ಲೂ ಮಾಡಿದೆವು. ಕಾಗದದಲ್ಲಿದ್ದ ನಿಷೇಧವನ್ನು ಒಂದು ದಿನ ಹರಿದು ಹಾಕಬಹುದು. ಮನೆಯಲ್ಲಿರುವುದನ್ನು ಯಾರು ತೆಗೆಯಬೇಕು? ನಾವೇ, ಅಪ್ಪ ಅಣ್ಣ ಎನಿಸಿಕೊಂಡವರು.

ಆಗುವುದಿಲ್ಲ ಎಂದು ಯಾರೂ ಹೇಳಬಾರದು, ನಮ್ಮ ಕೊಡಗನ್ನು ನೋಡಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಊರಿನಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದರು. ಏಪ್ರಿಲ್ ಮೇ ಬಂದರೆ ನೂರಾರು ಮನೆತನಗಳು ತಂಡ ಕಟ್ಟಿಕೊಂಡು ಬರುತ್ತವೆ. ಒಂದೇ ತಂಡದಲ್ಲಿ ಮಾವನೂ ಇರಬಹುದು, ಸೊಸೆಯೂ ಇರಬಹುದು, ಶಾಲೆಗೆ ಹೋಗುವ ಹುಡುಗಿಯೂ ಇರಬಹುದು. ಗೆಳೆಯನ ಮನೆಯವರ ಜೊತೆ ನಾನೊಮ್ಮೆ ನೋಡಲು ಹೋಗಿದ್ದೆ. ಸೀರೆ ಬದಲಿಸಿ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಬಂದ ಅವನ ಅತ್ತಿಗೆ ಬಲಗಡೆಯಿಂದ ಚೆಂಡು ಒಯ್ಯುವಾಗ ಅವನ ಅಜ್ಜ ಛತ್ರಿ ಎತ್ತಿ ಕೂಗುತ್ತಿದ್ದರು. ಬುತ್ತಿಯೂ ಇತ್ತು, ನೆಂಟರೂ ಇದ್ದರು, ಆಟವೂ ಇತ್ತು. ರಜೆಯ ಓಡಾಟ ಎಂದರೆ ನನ್ನ ಮಟ್ಟಿಗೆ ಅದು. ಇಂಗ್ಲೆಂಡಿನಲ್ಲಿ ಹನ್ನೊಂದು ಬೇಸಿಗೆ ಕಳೆದರೂ ಅದಕ್ಕಿಂತ ಒಳ್ಳೆಯದು ನಾನು ನೋಡಿಲ್ಲ.

ಹಾಗಾದರೆ ನಮ್ಮ ಉಳಿದ ಊರುಗಳಲ್ಲಿ ಯಾಕಿಲ್ಲ? ಒಂದು ಕಾರಣ, ಜಾಗ. ಮೈಸೂರಿನಲ್ಲಿ ನಮ್ಮ ಮನೆ ಹತ್ತಿರದ ಪಾರ್ಕಿನ ಗೇಟಿಗೇ “ಇಲ್ಲಿ ಚೆಂಡಾಟ ಆಡಬಾರದು” ಎಂಬ ಬೋರ್ಡು. ಹತ್ತು ಗಂಟೆಗೆ ಬೀಗ, ಮತ್ತೆ ತೆಗೆಯುವುದು ಸಂಜೆ. ರಜೆಯಲ್ಲಿ ಮಕ್ಕಳು ಆಡುವ ಹೊತ್ತೇ ಬೀಗದ ಹೊತ್ತು. ಬೀದಿಯಲ್ಲಿ ಆಡೋಣ ಎಂದರೆ ಕಾರುಗಳು. ಗಂಡುಹುಡುಗರು ಹೇಗೋ ಸೈಕಲ್ ಹತ್ತಿ ದೂರದ ಮೈದಾನ ಹುಡುಕಿಕೊಳ್ಳುತ್ತಾರೆ. ಹುಡುಗಿಯರು ಮನೆಯಲ್ಲಿ ಉಳಿಯುತ್ತಾರೆ. ಇನ್ನೊಂದು ಕಾರಣ, ಶೌಚಾಲಯ. ಇದನ್ನು ಹೇಳಲು ನಾಚಿಕೆ ಬೇಡ. ತಲಕಾಡಿಗೆ ಹೋಗುವ ದಿನ ಅಮ್ಮ ಬೆಳಿಗ್ಗೆಯಿಂದ ನೀರು ಕುಡಿಯುತ್ತಿರಲಿಲ್ಲ. ಯಾಕೆ ಎಂದು ಆಗ ನನಗೆ ಹೊಳೆದಿರಲಿಲ್ಲ. ಮಾನ್ಸಲ್ ಟ್ರೇಲ್‌ನಲ್ಲಿ ಅವರು ಎರಡು ಬಾಟಲಿ ನೀರು ಖಾಲಿ ಮಾಡಿದಾಗ ಹೊಳೆಯಿತು.

ಊರು ನಿಂತಲ್ಲೇ ನಿಂತಿದೆ ಎಂದಲ್ಲ. ಅವತ್ತು ಟ್ರೇಲ್ ಕೊನೆಯ ಬೇಕ್‌ವೆಲ್ ಊರಿನಿಂದ ವಾಪಸ್ ಬರುವಾಗ ಬಸ್ಸಿನಲ್ಲಿ ತಲೆಗೆ ಮೂರು ಪೌಂಡ್ ಕೊಟ್ಟೆ. ಅಮ್ಮ ಅದನ್ನು ರೂಪಾಯಿಗೆ ತಿರುಗಿಸಿ ಲೆಕ್ಕ ಹಾಕಿ, “ನನಗೆ ಅಲ್ಲಿ ಫ್ರೀ” ಎಂದು ಹೆಮ್ಮೆಯಿಂದ ಹೇಳಿದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವರು, ಅವರ ತಂಗಿ, ಎದುರುಮನೆಯ ಶಾರದಮ್ಮ ಸೇರಿ ನಂಜನಗೂಡು, ಮೇಲುಕೋಟೆ, ಧರ್ಮಸ್ಥಳ ಎಲ್ಲ ಸುತ್ತಿದ್ದಾರೆ. ಯಾರ ಅಪ್ಪಣೆಯನ್ನೂ ಕೇಳಿಲ್ಲ, ಯಾರ ಟವೆಲನ್ನೂ ಹಿಡಿದಿಲ್ಲ. ಕೈಯಲ್ಲಿ ಆಧಾರ್ ಕಾರ್ಡು, ಚೀಲದಲ್ಲಿ ಚಕ್ಕುಲಿ. ಇದನ್ನು ದಂಡದ ಖರ್ಚು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಐವತ್ತು ವರ್ಷ ದಡದಲ್ಲಿ ಕೂತ ಹೆಂಗಸಿಗೆ ಹೊರಡಲು ಬಸ್ಸು ಸಿಕ್ಕಿದೆ. ಅದೇ ಬೇಸಿಗೆ, ಜುಲೈ 5ರಂದು, ಭಾರತದ ಮಹಿಳಾ ಫುಟ್‌ಬಾಲ್ ತಂಡ ಥಾಯ್ಲೆಂಡನ್ನು ಅವರ ನೆಲದಲ್ಲೇ 2–1ರಿಂದ ಸೋಲಿಸಿ ಏಷ್ಯಾ ಕಪ್‌ಗೆ ಅರ್ಹತೆ ಪಡೆಯಿತು. ನಮ್ಮೂರಿನ ನೆಂಟರ ವಾಟ್ಸಾಪ್ ಗುಂಪಿನಲ್ಲಿ ನಾನೇ ಹಾಕುವ ತನಕ ಯಾರೂ ಆ ಸುದ್ದಿ ಹಾಕಿರಲಿಲ್ಲ. ಕ್ರಿಕೆಟ್ಟಿಗೆ ನಿದ್ದೆಗೆಡುವ ನಾವು ಈ ಹುಡುಗಿಯರಿಗೆ ಒಂದು ಮಾತು ಶಭಾಷ್ ಎನ್ನಬೇಕಲ್ವಾ?

ಆ ನೀಲಿ ಡಬ್ಬಿಯ ಹುಡುಗಿಯ ವಿಷಯ ಅರ್ಧಕ್ಕೇ ಬಿಟ್ಟೆ. ಸೇತುವೆಯ ಹತ್ತಿರ ಹುಲ್ಲಿನ ಮೇಲೆ ಊಟಕ್ಕೆ ಕೂತೆವು. ಅಮ್ಮ ಎಲ್ಲರಿಗೂ ಬಡಿಸಿದರು, ಆ ಹುಡುಗಿಯ ಡಬ್ಬಿಯ ಮುಚ್ಚಳದಲ್ಲೂ ಒಂದು ಹಿಡಿ ಪುಳಿಯೋಗರೆ ಇಟ್ಟರು. ಅವಳು ಮೊದಲು ತನ್ನ ಸ್ಯಾಂಡ್‌ವಿಚ್ಚಿನ ಅರ್ಧವನ್ನು ಮುರಿದು ಅಮ್ಮನ ತಟ್ಟೆಗೆ ಹಾಕಿದಳು. ಆಮೇಲೆ ಪುಳಿಯೋಗರೆ ತಿಂದು ಖಾರಕ್ಕೆ ಕಣ್ಣು ಒರೆಸಿಕೊಂಡಳು, ಮತ್ತೆ ಕೇಳಿದಳು. ಉಳಿದ ಮೂರು ಜನರ ಪಾಲು ಪಕ್ಕದ ಬೆಂಚಿನಲ್ಲಿ ಕೂತಿದ್ದ ಸೈಕಲ್ಲಿನವರಿಗೆ ಹೋಯಿತು.

ಅಮ್ಮ ಈಗ ಮೈಸೂರಿನಲ್ಲಿದ್ದಾರೆ. ಮುಂದಿನ ಏಪ್ರಿಲ್‌ಗೆ ನಾವೂ ಹೋಗುತ್ತೇವೆ. ಚಿಕ್ಕಮ್ಮನ ಮೊಮ್ಮಕ್ಕಳೆಲ್ಲ ಸೇರಿದರೆ ಹುಡುಗಿಯರೇ ಏಳು ಜನ. ತಲಕಾಡಿಗೆ ಟೆಂಪೋ ಟ್ರಾವೆಲರ್ ಗೊತ್ತು ಮಾಡಲು ಹೇಳಿದ್ದೇನೆ. ಊಟದ ಜವಾಬ್ದಾರಿ ಈ ಸಲ ನಾವು ಅಣ್ಣತಮ್ಮಂದಿರದು ಎಂದೂ ಹೇಳಿದ್ದೇನೆ. ಅಮ್ಮ ನಂಬಲಿಲ್ಲ. “ಮೊಸರನ್ನಕ್ಕೆ ಹಾಲು ಜಾಸ್ತಿ ಹಾಕು, ಮರೀಬೇಡ,” ಎಂದು ಫೋನಿನಲ್ಲಿ ಎರಡು ಸಲ ಹೇಳಿದರು. ಪಕ್ಕದಿಂದ ಮಗಳು ಕೂಗಿದಳು, “ಅಜ್ಜಿ, ಬಾಲ್ ನಾನು ತರ್ತೀನಿ.”

“ತಾ ಪುಟ್ಟಿ,” ಎಂದರು ಅಮ್ಮ. “ಗಾಳಿ ಹೊಡೆಯೋ ಪಂಪೂ ತಾ. ಇಲ್ಲಿ ಯಾರ ಮನೇಲೂ ಇಲ್ಲ.”