ಗುಲಾಬಿ ಚಿಕ್ಕಪ್ಪನದು, ಪಹಣಿ ಯಜಮಾನರದು

2020ರ ಯುಗಾದಿ ಮಾರ್ಚ್ 25ಕ್ಕೆ ಬಂದಿತ್ತು. ಕೊರೊನಾ ಅಂತ ದೇಶಕ್ಕೆಲ್ಲ ಬೀಗ ಬಿದ್ದಿದ್ದೂ ಅವತ್ತೇ. ಚಿಕ್ಕಬಳ್ಳಾಪುರದ ಕಡೆ ನಮ್ಮ ಚಿಕ್ಕಪ್ಪ 30 ಗುಂಟೆಯಲ್ಲಿ, ಅಂದರೆ ಮುಕ್ಕಾಲು ಎಕರೆಯಲ್ಲಿ, ಬಟನ್ ಗುಲಾಬಿ ಹಾಕಿದ್ದ. ಹಬ್ಬ, ಆಮೇಲೆ ಜಾತ್ರೆ, ಮದುವೆ ಸೀಸನ್ ಅಂತ ಲೆಕ್ಕ ಹಾಕಿಕೊಂಡು ಕೂತಿದ್ದ.

ಕೊಳ್ಳುವವರಿಲ್ಲ ಅಂತ ಗುಲಾಬಿಯನ್ನು ಗಿಡದಲ್ಲೇ ಬಿಡುವ ಹಾಗಿಲ್ಲ. ಅರಳಿದ್ದು ಅಲ್ಲೇ ಕೊಳೆತರೆ ಗಿಡಕ್ಕೆ ರೋಗ ಹತ್ತುತ್ತದೆ. ಹಾಗಾಗಿ ದಿನಾ ಬೆಳಗ್ಗೆ ಚಿಕ್ಕಪ್ಪ ಚಿಕ್ಕಮ್ಮ ಇಬ್ಬರೂ ಹೂ ಬಿಡಿಸಿ ತಂದು ತಿಪ್ಪೆಗೆ ಸುರಿಯುತ್ತಿದ್ದರು. ವಿಡಿಯೋ ಕಾಲ್‌ನಲ್ಲಿ ತೋರಿಸಿದ. ತಿಪ್ಪೆ ಕೆಂಪಗಿತ್ತು, ಮೇಲೆ ಎರಡು ಕೋಳಿ ಕೆದಕುತ್ತಿದ್ದವು.

ಮೇ 6ಕ್ಕೆ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು 1,610 ಕೋಟಿಯ ಪರಿಹಾರ ಪ್ಯಾಕೇಜ್ ಹೇಳಿದರು. ರಾಜ್ಯದಲ್ಲಿ 11,687 ಹೆಕ್ಟೇರ್ ಹೂವಿನ ಬೆಳೆ ಇದೆ, ಹೆಕ್ಟೇರಿಗೆ 25,000, ಒಬ್ಬರಿಗೆ ಒಂದು ಹೆಕ್ಟೇರ್ ಮಾತ್ರ ಅಂತ. ಎಕರೆಗೆ ಸುಮಾರು 10,000 ಆಯ್ತು. ಹೂ ಬೆಳೆಗಾರರನ್ನು ನೆನೆಸಿಕೊಂಡಿದ್ದೇ ದೊಡ್ಡದು, ಅದಕ್ಕೆ ನಾನು ಕೊಂಕು ತೆಗೆಯುವುದಿಲ್ಲ. ದುಡ್ಡು ಕಮ್ಮಿ ಅನ್ನೋದೂ ನನ್ನ ತಕರಾರಲ್ಲ.

ಅರ್ಜಿ ಹಾಕೋಕೆ ಹೋದರೆ ಆಫೀಸಿನಲ್ಲಿ ಕೇಳಿದ್ದು ಪಹಣಿ, ಅಂದರೆ ಜಮೀನು ಯಾರ ಹೆಸರಲ್ಲಿದೆ ಅಂತ ಹೇಳುವ ಕಾಗದ. ಚಿಕ್ಕಪ್ಪನ ಹತ್ತಿರ ಗುಲಾಬಿ ಇತ್ತು, ಪಹಣಿ ಇರಲಿಲ್ಲ. ಜಮೀನು ಬೆಂಗಳೂರಿನಲ್ಲಿರುವ ಯಜಮಾನರದು, ಇವನದು ಬರೀ ಗುತ್ತಿಗೆ. ಕೊನೆಗೆ ಅವರ ಹೆಸರಲ್ಲೇ ಅರ್ಜಿ, ಅವರದೇ ಪಾಸ್‌ಬುಕ್. ಏಳೂವರೆ ಸಾವಿರ ಅವರ ಅಕೌಂಟಿಗೇ ಬಿತ್ತು. ಅವರೇನು ಕೆಟ್ಟವರಲ್ಲ, ತಾವೇ ಫೋನ್ ಮಾಡಿ ಹೇಳಿದರು: "ದುಡ್ಡು ಬಂತು ಕಣಪ್ಪ. ಗುತ್ತಿಗೆ ಬಾಕಿಗೆ ಮುರ್ಕೊಂಡಿದೀನಿ."

ಲೆಕ್ಕ ಸರಿಯಾಗೇ ಇದೆ, ಅಲ್ವಾ?

ಗುತ್ತಿಗೆಗೆ ಒಂದು ಚೀಟಿ ಮಾಡಿಸಿಕೊಳ್ಳಬಾರದಿತ್ತಾ ಅಂತ ಕೇಳುವವರಿದ್ದಾರೆ. ಹೇಗೆ ಮಾಡಿಸುತ್ತೀರಿ? ಸೈನಿಕರಂಥ ಕೆಲವರನ್ನು ಬಿಟ್ಟರೆ ನಮ್ಮ ರಾಜ್ಯದಲ್ಲಿ ಸಾಗುವಳಿ ಜಮೀನು ಗುತ್ತಿಗೆಗೆ ಕೊಡುವುದೇ ಕಾನೂನಿಗೆ ವಿರುದ್ಧ. 1974ರಲ್ಲಿ ದೇವರಾಜ ಅರಸರ ಸರ್ಕಾರ ಗೇಣಿ ಪದ್ಧತಿ ಕಿತ್ತುಹಾಕಿದ್ದು ಉಳುವವನಿಗೇ ಹೊಲ ಸಿಗಲಿ ಅಂತ. ಲಕ್ಷಾಂತರ ಜನಕ್ಕೆ ಸಿಕ್ಕಿತು ಕೂಡ. ಆದರೆ ಗುತ್ತಿಗೆ ನಿಂತಿಲ್ಲ, ಬಾಯಿಮಾತಿಗೆ ಇಳಿದಿದೆ ಅಷ್ಟೇ. ಕಾಗದ ಮಾಡಿದರೆ ಜಮೀನು ಕೈ ಬಿಟ್ಟು ಹೋದೀತು ಅಂತ ಯಜಮಾನರಿಗೆ ಇವತ್ತಿಗೂ ಭಯ. ಉಳುವವನನ್ನು ಕಾಯಬೇಕಿದ್ದ ಕಾನೂನೇ ಇವತ್ತು ಉಳುತ್ತಿರುವವನನ್ನು ಕಾಣದ ಹಾಗೆ ಮಾಡಿದೆ. ತಮಾಷೆ ಅಂದ್ರೆ ಅದೇ 2020ರಲ್ಲಿ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು ಅಂತ ತಿದ್ದುಪಡಿ ಬಂತು. ಕೊಳ್ಳುವವರ ನೆನಪಾಯ್ತು, ಗುತ್ತಿಗೆಯವರ ನೆನಪಾಗಲಿಲ್ಲ.

ಈಗ ನಮ್ಮ ಮನೆ ಕಥೆ. ಅಪ್ಪನ ಹೆಸರಲ್ಲಿ ಎರಡು ಎಕರೆ ಇದೆ, ಅದರಲ್ಲಿ ನೀಲಗಿರಿ. ಲಾಕ್‌ಡೌನ್ ಬಂದಿದ್ದು ನೀಲಗಿರಿಗೆ ಗೊತ್ತೂ ಆಗಲಿಲ್ಲ. ಆದರೂ ಏಪ್ರಿಲ್‌ನಲ್ಲಿ, ಜಮೀನು ಹೆಸರಲ್ಲಿರುವ ರೈತರಿಗೆ ಕೇಂದ್ರ ಸರ್ಕಾರ ಕೊಡುವ ಪಿಎಂ ಕಿಸಾನ್‌ನ 2,000 ಅಪ್ಪನಿಗೆ ಸಲೀಸಾಗಿ ಬಂತು. ಮೊಬೈಲ್ ಟಿಂಗ್ ಅಂದಿದ್ದೇ ಅಪ್ಪ ಖುಷಿಯಾದರು. ನಾನು ಮಾತ್ರ ಚಿಕ್ಕಪ್ಪನ ಮುಂದೆ ಆ ಸುದ್ದಿ ಎತ್ತಲಿಲ್ಲ.

ಬಾಗೇಪಲ್ಲಿ ದಾಟಿದರೆ ಆಂಧ್ರ. ಅಲ್ಲಿ 2019ರಿಂದ ಗುತ್ತಿಗೆ ರೈತರಿಗೆ ಕಾರ್ಡ್ ಕೊಡುವ ಕಾನೂನಿದೆ. 11 ತಿಂಗಳಿಗೆ ಮಾತ್ರ, ಅದರಿಂದ ಭೂಮಿಯ ಹಕ್ಕು ಬರುವುದಿಲ್ಲ. ಅದೇನು ಮಂತ್ರದಂಡ ಅಲ್ಲ. ಯಜಮಾನರ ಒಪ್ಪಿಗೆ ಬೇಕು, ಎಷ್ಟೋ ಜನ ಸೈನ್ ಹಾಕುವುದಿಲ್ಲ. ಹಾಗಿದ್ದರೂ ಇಂಥವನೊಬ್ಬ ಇದ್ದಾನೆ ಅಂತ ಬರೆದುಕೊಳ್ಳುವುದಕ್ಕೆ ಒಂದು ಕಾಲಂ ಆದರೂ ಅಲ್ಲಿದೆ.

2021ರ ಮೇನಲ್ಲಿ ಮತ್ತೆ ಲಾಕ್‌ಡೌನ್, ಮತ್ತೆ ಪ್ಯಾಕೇಜ್. ಈ ಸಲ ಹೂವಿಗೆ ಹೆಕ್ಟೇರಿಗೆ 10,000. ಅರ್ಜಿ ಹಾಕ್ತೀಯಾ ಅಂತ ಚಿಕ್ಕಪ್ಪನಿಗೆ ಫೋನ್ ಮಾಡಿದೆ.

"ಮೂರು ಸಾವಿರ ಬತ್ತದೆ. ಅದುನ್ನೂ ಅವ್ರು ಮುರ್ಕೊತಾರೆ. ನಂಗ್ಯಾಕ್ಲಾ ಬಸ್ ಚಾರ್ಜು ದಂಡ?" ಅಂದ. ಆಮೇಲೆ ಟೊಮ್ಯಾಟೊ ಸಸಿ ಏನು ರೇಟು ನಡೀತಿದೆ ಅಂತ ಕೇಳಿದ. ಗುಲಾಬಿ ಗಿಡ ಆಗಲೇ ಕಿತ್ತು ಬದುವಿಗೆ ಹಾಕಿದ್ದನಂತೆ.