ಸಣ್ಣ ರೂಮಿಗೆ ಬೇಕಾದ್ದು ಖಾಲಿ ನೆಲ

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಫ್ಲಾಟಲ್ಲಿ 8 ಬೈ 10 ಅಡಿಯ ಒಂದು ರೂಮುಂಟು, ಹೆಸರಿಗೆ ಗೆಸ್ಟ್ ರೂಮ್, ಒಳಗೆ ತುಂಬಿದ್ದು ಕೆಟ್ಟ ಮಿಕ್ಸಿ, ಊರಿಂದ ತಂದ ಟ್ರಂಕು, ಟಿವಿ ಬಂದ ರಟ್ಟಿನ ಪೆಟ್ಟಿಗೆ, ಮದುವೆಯಲ್ಲಿ ಸಿಕ್ಕಿದ ಸ್ಟೀಲ್ ಪಾತ್ರೆ, ಗಣಪತಿ ಕೂರಿಸುವ ಅಲಂಕಾರದ ಮಂಟಪ, ಅಂದ್ರೆ ಮಖರ್. ಈ ವರ್ಷ ಮಗಳು ಹತ್ತನೇ ಕ್ಲಾಸು, ನಮ್ಮವರಿಗೆ ವಾರಕ್ಕೆ 2 ದಿನ ಮನೆಯಿಂದಲೇ ಕೆಲಸ, ಮಳೆ ಮುಗಿದ ಮೇಲೆ ಅತ್ತೆ ಉಡುಪಿಯಿಂದ ಬಂದು 3 ತಿಂಗಳು ಇರ್ತಾರೆ, ಎಲ್ಲರಿಗೂ ಆ ಒಂದೇ ರೂಮು ಆಗ್ಬೇಕು.

ಇಂಟೀರಿಯರ್‌ನವರು ಬಂದು ಹೇಳಿದ್ದು ಸ್ಟೋರೇಜ್ ಬೆಡ್ಡು, ಗೋಡೆ ತುಂಬ ವಾರ್ಡ್‌ರೋಬು. ನಂಗೆ ಒಪ್ಪಿಗೆ ಆಗ್ಲಿಲ್ಲ. ಲೆಕ್ಕ ಹಾಕಿ ಮಾರಾಯ್ರೆ, ರೂಮೇ 80 ಚದರಡಿ, 6 ಬೈ 5ರ ಮಂಚಕ್ಕೆ 30 ಹೋಯ್ತು, 8 ಅಡಿ ಗೋಡೆಗೆ 2 ಅಡಿ ಆಳದ ವಾರ್ಡ್‌ರೋಬ್ ಇಟ್ರೆ ಇನ್ನೂ 16, ಅದರ ಬಾಗಿಲು ತೆರೆಯುವ ಜಾಗ ಬೇರೆ. ವರ್ಷಾನುಗಟ್ಲೆ ಇಎಂಐ ಕಟ್ಟಿ ತಗೊಂಡ ಜಾಗವನ್ನ ಮುಟ್ಟದ ಸಾಮಾನಿಗೆ ಯಾಕೆ ಬಿಟ್ಟುಕೊಡ್ಬೇಕು? ಮೇಲಿಂದ ಜೂನಿಂದ ಸೆಪ್ಟೆಂಬರ್ ತನಕ ಇಲ್ಲಿಯ ಮಳೆ, ಗಾಳಿಯಾಡದ ಮಂಚದೊಳಗೆ ಬಟ್ಟೆ ಉಳಿಯುದಿಲ್ಲ. ಹಳೇ ಮಂಚ ತೆಗೆದಾಗ ಅಮ್ಮನ 2 ಸೀರೆ ಬೂಷ್ಟು ಹಿಡಿದು ಹಾಳಾಗಿದ್ದು ಕಂಡು ಅಳು ಬಂತು.

ಅಪ್ಪ ಹೋಟೆಲ್ ಕೆಲಸ ಮಾಡ್ಕೊಂಡು ಮುಂಬಯಿ ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ಆಮೇಲೆ ನಮ್ಮ ಸಂಸಾರ ಪರೇಲಿನ ಚಾಳಲ್ಲಿ, ಅಂದ್ರೆ ಸಾಲು ಕೋಣೆಗಳ ವಠಾರದಲ್ಲಿ, 10 ಬೈ 12ರ ಒಂದೇ ಖೋಲಿ (ಕೋಣೆ), 6 ಜನ. ಬೆಳಿಗ್ಗೆ ಹಾಸಿಗೆ ಸುತ್ತಿ ಮೂಲೆಗಿಟ್ರೆ ಅಲ್ಲೇ ತಿಂಡಿ, ಮಧ್ಯಾಹ್ನ ಅಮ್ಮ ಅಲ್ಲೇ ಹಪ್ಪಳ ಲಟ್ಟಿಸ್ತಿದ್ರು, ಸಂಜೆ ನಮ್ಮ ಓದು, ಶನಿವಾರ ಭಜನೆ. ನೆಲ ಖಾಲಿ ಇತ್ತು, ಹಾಗಾಗಿ ಆ ಖೋಲಿ ಬೇಕಾದ್ದೆಲ್ಲ ಆಗ್ತಿತ್ತು.

ಅದನ್ನೇ ನೆನೆಸ್ಕೊಂಡು ಮೊದಲು ಸಾಮಾನು ಹೊರಗೆ ಹಾಕಿದ್ವಿ, ರದ್ದಿಗೆ ಒಂದಷ್ಟು, ಗುಜರಿಯವನಿಗೆ ಒಂದಷ್ಟು, ಪಾತ್ರೆ ಬೇಕಾದವರಿಗೆ ಕೊಟ್ಟೆ, ಅದಾದ ಮೇಲೇ ಕಾರ್ಪೆಂಟರ್‌ನ ಕರೆದದ್ದು. ಹೊರಗೋಡೆಯ ಬಿರುಕು ಮುಚ್ಚಿಸಿ, ಗೋಡೆ ಪೂರ್ತಿ ಒಣಗಲಿ ಅಂತ ಕಾದು ಪೇಂಟ್ ಮಾಡಿಸಿದ್ದು, ಮುಂಚೆ ಹಸಿ ಗೋಡೆಗೇ ಹೊಡೆಸಿ 2 ಸಲ ಹಕ್ಕಳೆ ಎದ್ದಿತ್ತು. ಗೋಡೆಗೆ ಮಡಚುವ ಟೇಬಲ್, 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ನೆಲದಿಂದ 30 ಇಂಚು ಎತ್ತರ, ಕಿಟಕಿ ಎಡಗಡೆಗೆ ಬರುವ ಹಾಗೆ, ಮಗಳು ಬರೆಯುವಾಗ ಕೈಯ ನೆರಳು ಪುಸ್ತಕದ ಮೇಲೆ ಬೀಳುದಿಲ್ಲ. ಸೂಟ್‌ಕೇಸು, ಮಖರ್ ಎಲ್ಲ 7 ಅಡಿ ಎತ್ತರದಲ್ಲಿ ಒಂದೇ ತೆರೆದ ಶೆಲ್ಫಿನ ಮೇಲೆ. ಮಂಚವೇ ಬೇಡ, ನೆಲಕ್ಕೆ ಹಾಸಿಗೆ ಸಾಕು ಅಂತಿದ್ದೆ, ಆದ್ರೆ ಅತ್ತೆಗೆ ಮಂಡಿನೋವು, ನೆಲದಿಂದ ಏಳ್ಲಿಕ್ಕೆ ಆಗುದಿಲ್ಲ, ಹಾಗಾಗಿ 6 ಬೈ ಎರಡೂವರೆಯ ದಿವಾನ್ ಮಾಡಿಸಿದ್ವಿ, ಇಂಟೀರಿಯರ್‌ನವರು ಹೇಳಿದ ಮಂಚದ ಅರ್ಧ ಜಾಗ, ಅಡಿಯಲ್ಲಿ ಪೊರಕೆ ಆಡ್ತದೆ, ಗಾಳಿಯೂ ಆಡ್ತದೆ.

ಒಂದು ವಿಷಯಕ್ಕೆ ಯಾವ ಕಾರ್ಪೆಂಟರೂ ದಾರಿ ಮಾಡಿ ಕೊಡ್ಲಿಕ್ಕಿಲ್ಲ, ನಮ್ಮವರ ಮಧ್ಯಾಹ್ನದ ಮೀಟಿಂಗೂ ಅತ್ತೆಯ ನಿದ್ದೆಯೂ ಒಂದೇ ಹೊತ್ತಿಗೆ. ಆ 2 ದಿನ ಊಟ ಆದ ಮೇಲೆ ಲ್ಯಾಪ್‌ಟಾಪ್ ಹಿಡ್ಕೊಂಡು ಹಾಲಿಗೆ ಬರ್ಬೇಕು ನೀವು ಅಂತ ಅವರಿಗೆ ಈಗಲೇ ಹೇಳಿ ಒಪ್ಪಿಸಿದ್ದೇನೆ.